ಗಿರಣಿ ಜೀಪಿಗೆ ಹೊಸ ಅಚ್ಚು

ನಮ್ಮ ಜೀಪು ದೇವದುರ್ಗದ ಡಾಂಬರಿನ ಮೇಲೆ ಎಲ್ಲರ ಗಾಡಿಯ ಹಾಗೆ ನೆಟ್ಟಗೆ ನಿಲ್ಲುತ್ತಿತ್ತು. ದೊಡ್ಡಿಯ ದಾರಿಗೆ ಇಳಿಯಿತೋ, ಒಂದು ಕಾಲು ಕುಣಿಯಲ್ಲಿ ಇಟ್ಟವರಂತೆ ಎಡಕ್ಕೆ ವಾಲಿಬಿಡುತ್ತಿತ್ತು. ಹೊಲದಲ್ಲಿ ಕಳೆ ತೆಗೆಯುತ್ತಿದ್ದವರು ಸೊಂಟ ನೆಟ್ಟಗೆ ಮಾಡಿ ನಿಂತು, "ಬಂತು ನೋಡ್ರಿ ಸೊಟ್ಟ ಗಿರಣಿ" ಅನ್ನುತ್ತಿದ್ದರು. ನನಗೇನೂ ಸಿಟ್ಟು ಬರುತ್ತಿರಲಿಲ್ಲ. ಜೀಪಿಗೆ ಒಂದು ಹೆಸರು ಬಿತ್ತಲ್ಲ ಅಂತ ಒಳಗೊಳಗೇ ಖುಷಿ.

ಗಿರಣಿ ಅನ್ನುವ ಮಾತು ಯಾಕೆ ಬಂತು ಅಂತ ಹೇಳಬೇಕು. ನಮ್ಮ ತಾಲೂಕಿನಲ್ಲಿ ಊರುಗಳಿಗಿಂತ ದೊಡ್ಡಿಗಳು ಜಾಸ್ತಿ. ದೊಡ್ಡಿ ಅಂದರೆ ಹೊಲದ ನಡುವೆಯೇ ನಾಲ್ಕಾರು ಮನೆ ಕಟ್ಟಿಕೊಂಡು, ದನಕರು ಸಮೇತ ಜನ ಅಲ್ಲೇ ಇರುವ ಜಾಗ. ಕರೆಂಟು ಬಂದಿದೆ, ಫೋನು ಬಂದಿದೆ, ಆದರೆ ಜೋಳ ಬೀಸಿಸಬೇಕಾದರೆ ಬುಟ್ಟಿ ತಲೆಯ ಮೇಲೆ ಇಟ್ಟುಕೊಂಡು ಊರಿಗೇ ನಡೆಯಬೇಕು. ನಮ್ಮಾಕಿ, ಅಂದರೆ ನನ್ನ ಹೆಂಡತಿ, ಅಂಥ ಒಂದು ದೊಡ್ಡಿಯಲ್ಲಿ ಹುಟ್ಟಿದವಳು. ಬುಟ್ಟಿ ಹೊತ್ತು ಹೊತ್ತು ನೆತ್ತಿಯ ಕೂದಲು ತೆಳ್ಳಗಾಗಿದೆ ಅಂತ ಈಗಲೂ ತೋರಿಸುತ್ತಾಳೆ. ಮದುವೆಯಾಗಿ ದೇವದುರ್ಗಕ್ಕೆ ಬಂದ ಮೇಲೆ ನನ್ನ ಸಣ್ಣ ಜೀಪು ನೋಡಿದಳು. ನಾಲ್ಕೂ ಗಾಲಿ ಎಳೆಯುವ ಜೀಪು, ಎಲ್ಲಿ ಬೇಕಾದರೂ ಹೋಗುತ್ತದೆ ಅಂತ ನಾನು ಜಂಬ ಕೊಚ್ಚಿದ್ದೆ. "ಎಲ್ಲಿ ಬೇಕಾದ್ರೂ ಹೊಕ್ಕದ ಅಂದ್ರ ದೊಡ್ಡೀಗೂ ಹೊಕ್ಕದಲ್ಲ. ಹಿಂದ ಒಂದು ಗಿರಣಿ ಕುಂದರಿಸ್ರಿ" ಅಂದಳು. ಹಿಂದಿನ ಸೀಟು ಕಿತ್ತು ಕಲ್ಲಿನ ಗಿರಣಿ, ಅದನ್ನು ತಿರುಗಿಸಲು ಒಂದು ಡೀಸೆಲ್ ಇಂಜಿನ್ನು ಕೂಡಿಸಿದೆವು. ಅಂದಿನಿಂದ ಗಿರಣಿ ಅವಳದು, ಸ್ಟೇರಿಂಗ್ ನನ್ನದು.

ಹೋದ ವರ್ಷದ ನಾಗರ ಪಂಚಮಿಯ ಹೊತ್ತಿಗೆ ಹಿಂದಿನ ಎಡಗಡೆಯ ಅಚ್ಚಿನ ರಾಡು ಮುರಿಯಿತು. ಎಕ್ಸೆಲ್ ಅಂತ ಗ್ಯಾರೇಜಿನವರು ಅನ್ನುತ್ತಾರೆ, ನಮ್ಮ ಹಿರಿಯರ ಬಾಯಲ್ಲಿ ಅದು ಅಚ್ಚು. ಬಂಡಿಗೂ ಅಚ್ಚೇ, ಜೀಪಿಗೂ ಅಚ್ಚೇ. ಮಳೆ ಹಿಡಿದಿತ್ತು. ಎರೆಮಣ್ಣು ಮಳೆಗೆ ನೆನೆದರೆ ಏನಾಗುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗೆ ಎಷ್ಟು ಹೇಳಿದರೂ ಕಾಲಿಟ್ಟು ನೋಡುವವರೆಗೆ ನಂಬಿಕೆ ಬರುವುದಿಲ್ಲ. ಜೀಪನ್ನು ಟ್ರ್ಯಾಕ್ಟರ್ ಕಟ್ಟಿ ಎಳೆದು ತಂದೆವು. ನಮ್ಮಾಕಿಯ ತವರಿನ ದೊಡ್ಡಿಯ ಹೆಂಗಸರು ಹಬ್ಬಕ್ಕೆ ಹಿಟ್ಟಿನ ಉಂಡಿ ಕಟ್ಟಲು ಕಡಲೆ, ಹೆಸರು, ಜೋಳ ಎಲ್ಲ ಹುರಿದಿಟ್ಟುಕೊಂಡು ಕಾದರು. ಕೊನೆಗೆ ಹೊತ್ತುಕೊಂಡು ಊರಿಗೆ ನಡೆದರು, ಕೆಸರಿನಲ್ಲಿ.

ನಮ್ಮಾಕಿಯ ದೊಡ್ಡವ್ವ ಆ ದೊಡ್ಡಿಯ ಹಿರಿಯಳು. ಹಬ್ಬ ಮುಗಿದ ಮೇಲೆ ಮಾತಾಡಿಸಲು ಹೋದರೆ, ಎಲೆ ಅಡಿಕೆ ಜಗಿಯುತ್ತಾ ಬಹಳ ಸಾವಕಾಶ ನಮ್ಮಾಕಿಗೆ ಹೇಳಿದಳು:

"ನಿನ್ನ ಗಿರಣಿ ನಂಬಿ ಉಂಡಿ ಕಟ್ಟಾಕ ಕುಂತ್ರ ಪಂಚಮಿ ಹೋಗಿ ಗಣಪತಿ ಬರ್ತಾನ ಬೇ."

"ಅಚ್ಚು ಮುರೀತು ದೊಡ್ಡವ್ವಾ. ನಾನೇನು ಮಾಡ್ಲಿ?"

"ನೀ ಏನೂ ಮಾಡಬ್ಯಾಡ. ಬರೋ ಪಂಚಮಿಗೆ ಬಂದಿ, ಚಲೋ ಆತು. ಬರಲಿಲ್ಲ, ಮತ್ತ ಯಾವತ್ತೂ ಬರಬ್ಯಾಡ. ನಾವು ಮೊದಲಿನಂಗ ಹೊತ್ಕೊಂಡು ಹೊಕ್ಕೀವಿ. ನಡುವ ಕೈ ಕೊಡೋರಿಗಿಂತ ತಲಿ ಬ್ಯಾನಿ ಮೇಲು."

ನಗುತ್ತಲೇ ಅಂದಳು. ಆದರೆ ಆಕೆ ಬೇಡ ಅಂದರೆ ಸುತ್ತಲಿನ ದೊಡ್ಡಿಗಳೆಲ್ಲ ಬೇಡ ಅನ್ನುತ್ತವೆ ಅಂತ ನಮ್ಮಿಬ್ಬರಿಗೂ ಗೊತ್ತಿತ್ತು. ನಮ್ಮಾಕಿ ತವರಿನವರಿಗೆ ಕೊಟ್ಟ ಮಾತು, ಅದೂ ಹಿಟ್ಟಿನ ಮಾತು.

ರಾಡು ಹೊಸದು ಹಾಕಿಸಿ ಗಾಡಿ ಮತ್ತೆ ಓಡಿಸಿದೆವು. ಬಿಳಿಜೋಳ ಕೊಯ್ಯುವ ಕಾಲಕ್ಕೆ ಅದೂ ಮುರಿಯಿತು. ಮತ್ತೆ ಎಡಗಡೆಯದೇ. ಈ ಸಲ ಕೆಸರಿಲ್ಲ, ನೆಲ ಕಲ್ಲಿನಂತೆ ಒಣಗಿತ್ತು. ನಾನು ಜೀಪಿನ ಕೆಳಗೆ ಮಲಗಿ ನೋಡುತ್ತಿದ್ದೆ. ನಮ್ಮಾಕಿ ಸ್ವಲ್ಪ ದೂರ ನಡೆದುಹೋಗಿ, ತಿರುಗಿ ನಿಂತು ಜೀಪನ್ನೇ ದಿಟ್ಟಿಸಿದಳು.

"ಇಲ್ಲಿ ಬಂದು ನೋಡ್ರಿ. ನಿಮ್ಮ ಜೀಪಿಂದು ಒಂದು ಗಾಲಿ ಜಾಡಿನ್ಯಾಗ ಅದ, ಒಂದು ದಿಬ್ಬದ ಮ್ಯಾಲ ಅದ."

ಮೊದಲು ಬಂಡಿ ಓಡಾಡುತ್ತಿದ್ದ ದಾರಿ ಅದು, ಈಗ ಟ್ರ್ಯಾಕ್ಟರ್ ಟ್ರಾಲಿಗಳ ದಾರಿ. ಟ್ರಾಲಿಯ ಗಾಲಿಗಳು ವರ್ಷಗಟ್ಟಲೆ ತುಳಿದು ತುಳಿದು ಎರಡು ಆಳದ ಜಾಡು ಮಾಡಿವೆ. ನಮ್ಮದು ಸಣ್ಣ ಜೀಪು, ಗಾಲಿಯಿಂದ ಗಾಲಿಗೆ ಅಷ್ಟು ಅಗಲ ಇಲ್ಲ. ಹೀಗಾಗಿ ಒಂದು ಗಾಲಿ ಜಾಡಿನಲ್ಲಿ ಇಳಿದರೆ ಇನ್ನೊಂದು ನಡುದಿಬ್ಬ ಹತ್ತುತ್ತಿತ್ತು. ಗಿರಣಿಕಲ್ಲಿನ ಭಾರವೆಲ್ಲ ತಗ್ಗಿನ ಕಡೆಯ ರಾಡಿನ ಮೇಲೆ.

"ಅದು ಸರಿ, ಯಾವಾಗಲೂ ಎಡಗಡೀದೇ ಯಾಕ ಮುರೀತದ?" ಅಂದೆ.

"ಬಲಗಡಿ ಕುಂದರೋರು ನೀವು. ನೀವ್ಯಾಕ ತಗ್ಗಿಗೆ ಇಳೀತೀರಿ? ಎಡಗಾಲಿ ಇಳಿಸಿ, ನೀವು ಮ್ಯಾಲ ಸಾವ್ಕಾರ್ರಂಗ ಕುಂದರ್ತೀರಿ. ನಾ ಹಿಂದ ಬಲಕ್ಕ ಸರದು ಸರದು ತೂಕ ಮಾಡಬೇಕು."

ಅವಳು ಹೇಳಿದ್ದು ಸುಳ್ಳಲ್ಲ. ಹಿಂದೆ ಗಿರಣಿಯ ಪಕ್ಕ ಕೂರುವಾಗ ಏರಿನ ಕಡೆಗೆ ಸರಿದು, ಒಂದು ಕಾಲು ತಗಡಿಗೆ ಒತ್ತಿ ಹಿಡಿದು ಕೂರುವುದು ಅವಳಿಗೆ ರೂಢಿಯಾಗಿತ್ತು.

ಆಗಲೇ ನಿಶ್ಚಯ ಮಾಡಿದೆವು. ರಾಡು ಬದಲಿಸುತ್ತಾ ಕೂರುವುದಲ್ಲ, ಅಚ್ಚೇ ಬದಲಿಸಬೇಕು. ಜಾಡಿನ ಅಗಲಕ್ಕೆ ಕೂಡುವ, ಗಿರಣಿಯ ಭಾರ ತಡೆಯುವ ಅಚ್ಚು. ಜಾಡಿನ ಅಳತೆ ಬೇಕಲ್ಲ? ಟೇಪು ಮನೆಯಲ್ಲಿತ್ತು. ಪಕ್ಕದ ಹೊಲದಲ್ಲಿ ಕೊಯ್ದ ಜೋಳದ ದಂಟು ಬಿದ್ದಿತ್ತು. ಒಂದು ಗಟ್ಟಿ ದಂಟು ತಂದು ಈ ಜಾಡಿನ ನಡುವಿನಿಂದ ಆ ಜಾಡಿನ ನಡುವಿಗೆ ಹಿಡಿದು, ಸರಿಯಾಗಿ ಅಷ್ಟಕ್ಕೆ ಮುರಿದೆವು. ಮನೆಗೆ ಹೋದ ಮೇಲೆ ಟೇಪು ಹಿಡಿದು ಆ ದಂಟನ್ನು ಅಳೆದು ಬರೆದಿಟ್ಟುಕೊಳ್ಳಬಹುದಿತ್ತು. ಹೊಳೆಯಲಿಲ್ಲ. ಕೈಯಲ್ಲಿ ದಂಟು ಇದ್ದ ಮೇಲೆ ಟೇಪು ಯಾತಕ್ಕೆ ಅನ್ನುವ ಮಂದಿ ನಾವು.

ರಾಯಚೂರಿನ ನಮ್ಮ ಉಸ್ತಾದ ಜೀಪಿನ ಕೆಲಸದಲ್ಲಿ ತಲೆ ನರೆಸಿಕೊಂಡವನು. ಜೀಪನ್ನು ಅವನ ಗ್ಯಾರೇಜಿಗೆ ಎಳೆಸಿಕೊಂಡು ಹೋದಾಗ, ಮುರಿದ ರಾಡು ತಿರುಗಿಸಿ ತಿರುಗಿಸಿ ನೋಡಿ, "ಭಾಯಿ, ಇದು ಮುರಿದದ್ದು ತಪ್ಪಲ್ಲ. ಇಷ್ಟು ದಿನ ಮುರೀದೇ ಇದ್ದದ್ದೇ ಕಮಾಲು" ಅಂದ. ಆಮೇಲೆ ನನ್ನನ್ನು ಬಿಟ್ಟು ನಮ್ಮಾಕಿಯ ಕಡೆ ತಿರುಗಿದ.

"ಭಾಬಿ, ನಿಮ್ಮ ತಲಿ ಮ್ಯಾಲ ಒಂದು ಚೀಲ ಜ್ವಾಳ ಹೊರಿಸಿ, ಹಂಗೇ ನಿಂತು ಬೀಸು ಅಂದ್ರ ಬೀಸ್ತೀರೇನು?"

"ಯಾಕ ಬೀಸ್ಲಿ? ಹೊರಾಕ ಒಬ್ಬರನ್ನ ಕರಕೊಂಡು ಬರ್ರಿ ಅಂತೀನಿ."

"ಬಸ್. ನಿಮ್ಮ ಜೀಪಿನ ರಾಡು ಪಾಪ ಎರಡೂ ಮಾಡಾಕತ್ತದ. ಭಾರಾನೂ ಹೊರ್ತದ, ಗಾಲೀನೂ ತಿರುಗಸ್ತದ. ದೊಡ್ಡ ಜೀಪಿನ್ಯಾಗ ಹಂಗಲ್ಲ. ಹೊರಗಿನ ಕೊಳವಿ ಭಾರ ಹೊರ್ತದ, ಒಳಗಿನ ರಾಡು ಬರೇ ತಿರುಗ್ತದ. ಅಂಥ ಅಚ್ಚು ಹುಡುಕ್ರಿ, ನಾ ಕೂಡಸ್ತೀನಿ."

ಬಾಗಿಲ ತನಕ ಬಂದು ಇನ್ನೊಂದು ಮಾತು ಹೇಳಿದ. "ಮುಂದಿಂದು ಹಿಂದಿಂದು ಎರಡೂ ಒಂದೇ ಗಾಡೀದು ಇರಬೇಕು. ಒಂದು ಅಲ್ಲಿಂದ, ಒಂದು ಇಲ್ಲಿಂದ ತಂದು ನನ್ನ ಮುಂದ ಹಾಕಬ್ಯಾಡ್ರಿ. ಎರಡೂ ಎತ್ತು ಒಂದೇ ಹೆಜ್ಜಿ ಹಾಕಿದ್ರೇನೇ ಬಂಡಿ."

ಮಾನ್ವಿಯ ಕಡೆ ಹಿರೇಕೊಟ್ನೆಕಲ್ ಹತ್ತಿರ ಒಬ್ಬ ಸಾವ್ಕಾರರ ಅಕ್ಕಿ ಗಿರಣಿಯ ಹಿತ್ತಲಲ್ಲಿ ದೊಡ್ಡ ಜೀಪೊಂದು ನಿಂತೇ ಇದೆ ಅಂತ ಉಸ್ತಾದನೇ ಸುಳಿವು ಕೊಟ್ಟಿದ್ದ. ನಮ್ಮ ಜೀಪು ಗ್ಯಾರೇಜಿನಲ್ಲಿ ಬಿದ್ದಿತ್ತಲ್ಲ, ಬಸ್ಸು ಹತ್ತಿದೆವು. ದಂಟು ನಮ್ಮಾಕಿಯ ಕೈಯಲ್ಲಿ. ಕಂಡಕ್ಟರು ಅದನ್ನು ಮೇಲಿಂದ ಕೆಳಗೆ ನೋಡಿ, "ಏನಕ್ಕಾ, ಮಾನ್ವ್ಯಾಗ ಮೇವಿಗೆ ಅಷ್ಟು ಬರಾ ಬಂದದೇನು?" ಅಂದ.

"ಮೇವಲ್ಲೋ ಯಪ್ಪಾ, ಅಳತಿ."

"ಯಾರ ಅಳತಿ?"

"ದಾರಿದು."

ಅವನು ಟಿಕೇಟು ಹರಿದು ಕೊಟ್ಟು, ಸ್ವಲ್ಪ ದೂರವೇ ನಿಂತುಕೊಂಡ.

ಮಾನ್ವಿಯಲ್ಲಿ ಇಳಿದು ಬಸ್ ಸ್ಟ್ಯಾಂಡಿನ ಹೊರಗೆ ಚಹ ಕುಡಿಯಲು ಕೂತೆವು. ದಂಟನ್ನು ಬೆಂಚಿಗೆ ಒರಗಿಸಿದ್ದೆವು. ಚಹ ಬಿಸಿ ಇತ್ತು, ಬಸಿಗೆ ಸುರಿದುಕೊಂಡು ಊದುತ್ತಿದ್ದೆವು. ಹಿಂದೆ ಕರಕರ ಸಪ್ಪಳ. ತಿರುಗಿ ನೋಡಿದರೆ ಒಂದು ಬೀದಿ ಆಕಳು ನಮ್ಮ ಅಳತೆಯನ್ನು ಸಮಾಧಾನವಾಗಿ ಅಗಿಯುತ್ತಿತ್ತು. ನಾನು ಹೋಗಿ ಎಳೆದೆ, ಅದೂ ಎಳೆಯಿತು. ನನ್ನ ಕೈಗೆ ಮೊಳದಷ್ಟು ತುಂಡು ಸಿಕ್ಕಿತು. ಉಳಿದದ್ದು ಅದರ ಹೊಟ್ಟೆಗೆ.

ಚಹದಂಗಡಿಯವನು, "ಟೇಪಿನಾಗ ಅಳೀಬೇಕಿತ್ತಲ್ರೀ" ಅಂದ. ಅಷ್ಟು ಹೊತ್ತಿನಲ್ಲಿ ಆ ಮಾತು ಕೇಳುವುದು ಬಹಳ ಕಷ್ಟ.

ವಾಪಸ್ಸು ಹೋಗಿ ಮತ್ತೆ ಅಳೆದು ಬರೋಣ ಅಂದೆ. ನಮ್ಮಾಕಿ ಬಸಿಯಲ್ಲಿ ಉಳಿದ ಚಹ ಮುಗಿಸಿ, ಹಣೆಗೆ ಬೆರಳಿಟ್ಟು ಕೂತಳು. "ಬ್ಯಾಡ ತಡೀರಿ. ಅವತ್ತು ಹೊಲದಾಗ ನಾ ದಂಟು ಊರಿಕೋತ ನಡದೆ ಹೌದಿಲ್ಲೋ? ಹೆಜ್ಜಿ ಹೆಜ್ಜಿಗೂ ಅದರ ತುದಿ ನನ್ನ ಹುಬ್ಬಿಗೆ ಚುಚ್ಚಾಕತ್ತಿತ್ತು. ಕಣ್ಣಿಗೆ ಚುಚ್ಚೀತು ಅಂತ ಓರೆ ಹಿಡದೆ. ಸರಿಯಾಗಿ ಹುಬ್ಬಿನ ಮಟ್ಟ ಅದರ ಅಳತಿ."

ಸಾವ್ಕಾರರು ಹಣೆ ತುಂಬ ವಿಭೂತಿ ಹಚ್ಚಿಕೊಂಡು ಗಿರಣಿಯ ಕಟ್ಟೆಯ ಮೇಲೆ ಕೂತಿದ್ದರು. "ಬರ್ರಿ, ಕುಂದರ್ರಿ. ನೀವೂ ಗಿರಣಿಯವರು, ನಾವೂ ಗಿರಣಿಯವರು. ನಮ್ಮದು ಕೂತಲ್ಲೇ ಕೂತದ, ನಿಮ್ಮದು ಅಡ್ಡಾಡ್ತದ" ಅಂದರು. ಬೇವಿನ ಗಿಡದ ಕೆಳಗೆ ಅವರ ಜೀಪು. ಬಾಡಿ ತುಕ್ಕು ಹಿಡಿದಿತ್ತು, ಡ್ರೈವರ್ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಆದರೆ ಕೆಳಗೆ ಬಗ್ಗಿ ನೋಡಿದರೆ ಅಚ್ಚುಗಳು, ಏನು ಹೇಳಲಿ, ಆನೆಯ ಕಾಲಿನಂತೆ ದಪ್ಪ. ಮುಂದಿನದು, ಹಿಂದಿನದು, ಎರಡೂ ಅದೇ ಗಾಡಿಯವು.

ಅಳತೆಯ ಕತೆ ಕೇಳಿ ಸಾವ್ಕಾರರಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಮಾತ್ರ ಕೆಲಸದ ಪ್ರಶ್ನೆ ಕೇಳಿದರು.

"ಯವ್ವಾ, ಅವತ್ತು ಹೊಲದಾಗ ಚಪ್ಪಲಿ ಮೆಟ್ಟಿದ್ದಿರೋ, ಬರಿಗಾಲೋ?"

"ಬರಿಗಾಲ್ರೀ."

"ಹಂಗಾದ್ರ ಚಪ್ಪಲಿ ಬಿಡ್ರಿ."

ನಮ್ಮಾಕಿ ಚಪ್ಪಲಿ ಬಿಟ್ಟು ನಿಂತಳು. ಹಮಾಲರು ಭತ್ತದ ಚೀಲ ಇಳಿಸಿ ಸುತ್ತ ಸೇರಿದರು. ಒಬ್ಬ ಬಿದಿರು ಕೋಲು ತಂದು ಅವಳ ಪಕ್ಕ ಹಿಡಿದ. ಅವಳು ಇಷ್ಟು ಮಂದಿಯ ಮುಂದೆ ಸೆಟೆದು ನಿಂತುಬಿಟ್ಟಳು.

"ಹಂಗ ಫೋಟೋಕ್ಕ ನಿಂತಂಗ ನಿಂದರಬ್ಯಾಡ್ರಿ. ಹೊಲದಾಗ ನಡಕೋತ ಹೊಂಟಂಗ ನಿಂದರ್ರಿ" ಅಂದರು ಸಾವ್ಕಾರರು.

ಅವಳು ಮೈ ಸಡಿಲು ಬಿಟ್ಟಳು. ಕೋಲಿಗೆ ಹುಬ್ಬಿನ ಮಟ್ಟಕ್ಕೆ ಗುರುತು ಹಾಕಿ ಕತ್ತರಿಸಿದರು. ಆ ಕೋಲನ್ನು ಜೀಪಿನ ಕೆಳಗೆ ಈ ಗಾಲಿಯ ನಡುವಿನಿಂದ ಆ ಗಾಲಿಯ ನಡುವಿಗೆ ಹಿಡಿದಾಗ, ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲದೆ ಕೂತಿತು ಅಂದರೆ ಉತ್ಪ್ರೇಕ್ಷೆ. ಎರಡು ಬೆರಳು ಕಡಿಮೆ ಬಿತ್ತು. ಜಾಡಿನ ಅಗಲಕ್ಕೆ ಎರಡು ಬೆರಳು ಯಾವ ಲೆಕ್ಕ? "ಗುಜರಿಗೆ ಹಾಕಾಕ ಮನಸ್ಸಾಗಿದ್ದಿಲ್ಲ. ಹಿಟ್ಟಿನ ಕೆಲಸಕ್ಕ ಹೊಕ್ಕದ, ಒಯ್ಯಿರಿ" ಅಂದರು ಸಾವ್ಕಾರರು. ಕೋಳಿಯನ್ನು ಮಾತ್ರ ಎಬ್ಬಿಸಬೇಡಿ, ಮರಿ ಒಡೆಯುವವರೆಗೆ ತಡೆಯಿರಿ ಅಂದರು. ಕಾದೆವು.

ಅಚ್ಚುಗಳು ರಾಯಚೂರಿಗೆ ಬಂದಾಗ ಬಿಸಿಲು ಸುಡುತ್ತಿತ್ತು. ಮುಟ್ಟಿದ ಸ್ಪ್ಯಾನರು ಕೈ ಸುಡುವಂಥ ಬಿಸಿಲು. ಅಂಥದ್ದರಲ್ಲಿ ಉಸ್ತಾದ ಅಚ್ಚುಗಳನ್ನು ಬಿಚ್ಚಿ, ಹಳೆಯ ಗ್ರೀಸು ಕೆರೆದು, ಸೀಮೆಎಣ್ಣೆಯಲ್ಲಿ ಒಳಗಿನ ಗೇರಿನ ಒಂದೊಂದು ಹಲ್ಲು ತೊಳೆದ. ನಮ್ಮ ಜೀಪಿನ ಸ್ಪ್ರಿಂಗ್ ಪಟ್ಟಿಗಳು ಹತ್ತಿರ ಹತ್ತಿರ, ಹೊಸ ಅಚ್ಚಿನಲ್ಲಿ ಅವು ಕೂರುವ ಜಾಗ ದೂರ ದೂರ. ಅದನ್ನು ಕತ್ತರಿಸಿ ಬೇರೆ ಕಡೆ ಬೆಸುಗೆ ಹಾಕಬೇಕಾಯಿತು. ಇಂಜಿನ್ನಿನಿಂದ ಅಚ್ಚಿಗೆ ಹೋಗುವ ಉದ್ದನೆಯ ರಾಡುಗಳು ಅಳತೆಗೆ ಬರಲಿಲ್ಲ, ಲೇತಿಗೆ ಹೋಗಿ ಬಂದವು. ಬ್ರೇಕಿನ ಪೈಪುಗಳೆಲ್ಲ ಹೊಸವು. ನಾನು ವಾರಕ್ಕೊಮ್ಮೆ ಹೋಗಿ ನೋಡುತ್ತಿದ್ದೆ. ಮನೆಗೆ ಬಂದರೆ ನಮ್ಮಾಕಿಯ ಪ್ರಶ್ನೆ ಒಂದೇ: "ಆತೇನು?" ನನ್ನ ಉತ್ತರವೂ ಒಂದೇ: "ಆಗಾಕತ್ತದ." ಅಷ್ಟರಲ್ಲಿ ಮುಂಗಾರು ಬಂತು. ದೊಡ್ಡಿಯ ಹೆಂಗಸರು ತಲೆಯ ಮೇಲೆ ಹೊತ್ತು ನಡೆಯುತ್ತಿದ್ದಾರೆ ಅನ್ನುವ ಸುದ್ದಿ ಫೋನಿನಲ್ಲಿ ಬರುತ್ತಲೇ ಇತ್ತು. ಸುದ್ದಿ ಹೇಳುವವಳು ದೊಡ್ಡವ್ವನೇ.

ಕೊನೆಯ ಸಲ ಹೋದಾಗ ಜೀಪು ಕಲ್ಲುಗಳ ಮೇಲೆ ಕೂತಿತ್ತು, ನಾಲ್ಕೂ ಗಾಲಿ ಗಾಳಿಯಲ್ಲಿ. ಎಲ್ಲ ಗಾಲಿಗೂ ಉಸ್ತಾದ ಸೀಮೆಸುಣ್ಣದ ಗೆರೆ ಹಾಕಿದ್ದ. ಇಂಜಿನ್ನಿನ ಕಡೆಯಿಂದ ನಿಧಾನಕ್ಕೆ ತಿರುಗಿಸಿದಾಗ ಮುಂದಿನ ಗೆರೆ, ಹಿಂದಿನ ಗೆರೆ ಕೂಡಿಯೇ ಮೇಲೆ ಬಂದವು, ಕೂಡಿಯೇ ಕೆಳಗೆ ಹೋದವು. ಒಂದೇ ಗಾಡಿಯ ಅಚ್ಚು, ಹಾಗೇ ಆಗಬೇಕಾದದ್ದು. ಆದರೂ ಅವನು ಮತ್ತೆ ಮತ್ತೆ ತಿರುಗಿಸಿ ನೋಡಿದ. ಅವನ ಮುಖ ನೋಡಬೇಕಿತ್ತು ಆಗ.

ನೆಲಕ್ಕಿಳಿಸಿದ ಮೇಲೆ ಜೀಪಿನ ರೂಪವೇ ಬದಲಾಗಿತ್ತು. ಗಾಲಿಗಳು ಬಾಡಿಯಿಂದ ಆಚೆ ಚಾಚಿದ್ದವು. ಹಳೆಯ ಟೈರಿನ ರಬ್ಬರು ಕೊಯ್ದು ಮೇಲೆ ಮಡ್ಗಾರ್ಡ್ ಮಾಡಿದ್ದ. "ಹಲ್ಲು ಮುಂದ ಬಂದ ಮುದುಕನಂಗ ಕಾಣಸ್ತದಲ್ಲ" ಅಂದೆ. "ಭಾಯಿ, ಆ ಹಲ್ಲಿನಿಂದಾನೇ ನೀವು ರೊಟ್ಟಿ ತಿನ್ನೋದು" ಅಂದ ಉಸ್ತಾದ.

ಪಂಚಮಿ ಇನ್ನೇನು ಬಂತು ಅನ್ನುವಾಗ ಗಾಡಿ ಮನೆ ಸೇರಿತು. ಜಾಡಿನಲ್ಲಿ ಓಡಿಸಿ ನೋಡಲು ಹೊತ್ತಿರಲಿಲ್ಲ. ಗಿರಣಿ ಏರಿಸಿ ಬಿಗಿದೆವು. ಬೆಳಗಿನಿಂದಲೇ ಮಳೆ, ಜಿಟಿಜಿಟಿ. ನಮ್ಮಾಕಿ ದೊಡ್ಡವ್ವನಿಗೆ ಫೋನು ಮಾಡಿ, "ಹೊಂಟೀವಿ" ಅಂದಳು. ಆ ಕಡೆಯಿಂದ, "ಹೋದ ಸಲಾನೂ ಹೊಂಟಿದ್ರಿ" ಅನ್ನುವ ಮಾತು ನನಗೂ ಕೇಳಿಸಿತು.

ಡಾಂಬರು ಮುಗಿದಲ್ಲಿ ನಿಲ್ಲಿಸಿ ನಾಲ್ಕೂ ಗಾಲಿಗೆ ಎಳೆಯುವ ಕೆಲಸ ಕೊಟ್ಟೆ. ಮುಂದೆ ದಾರಿ ಅಂದರೆ ನೀರು ತುಂಬಿದ ಎರಡು ಕಾಲುವೆ, ನಡುವೆ ಕರಿ ದಿಬ್ಬ. ಜಾಡಿನ ತಳ ಟ್ರಾಲಿಗಳು ತುಳಿದು ಗಟ್ಟಿಯಾಗಿರುತ್ತದೆ, ಜಾರುವುದು ದಿಬ್ಬ. ಎರಡೂ ಗಾಲಿ ಒಟ್ಟಿಗೆ ಇಳಿಯಬೇಕು, ಅಷ್ಟೇ. ಇಳಿಸಿದೆ. ನೀರು ಎರಡೂ ಕಡೆಗೆ ಚಿಮ್ಮಿತು. ಸ್ಟೇರಿಂಗು ಒಮ್ಮೆ ನಡುಗಿ ತಣ್ಣಗಾಯಿತು. ಜೀಪು ನಡೆಯತೊಡಗಿತು, ಗೆರೆ ಎಳೆದಂತೆ. ನಾನು ಸ್ಟೇರಿಂಗು ಹಿಡಿದಿದ್ದೆ ಅನ್ನುವುದಕ್ಕಿಂತ ಅದರ ಮೇಲೆ ಕೈ ಇಟ್ಟಿದ್ದೆ ಅನ್ನಬೇಕು.

ಹಿಂದಿನಿಂದ ಸಪ್ಪಳವೇ ಇಲ್ಲ. ತಿರುಗಿ ನೋಡಿದರೆ ನಮ್ಮಾಕಿ ರೂಢಿಯಂತೆ ಬಲಕ್ಕೆ ಸರಿದು, ತಗಡಿಗೆ ಕಾಲೊತ್ತಿ ಕೂತಿದ್ದಾಳೆ. ಗಾಡಿ ವಾಲುತ್ತಲೇ ಇಲ್ಲ. ಕಾಲು ಎಲ್ಲಿ ಇಡಬೇಕು ಅಂತ ತಿಳಿಯದೆ ಸ್ವಲ್ಪ ಹೊತ್ತು ನೋಡಿ, ಕೊನೆಗೆ ಎದ್ದು ಮುಂದೆ ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತಳು. ಗಿರಣಿ ಜೀಪಿನಲ್ಲಿ ಅವಳು ಮುಂದಿನ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಸೆರಗು ಸರಿ ಮಾಡಿಕೊಂಡು ದಾರಿಯನ್ನೇ ನೋಡಿದಳು. ಹೊಸದಾಗಿ ಗಾಡಿ ಕೊಂಡವರೂ ಅಷ್ಟು ಠೀವಿಯಿಂದ ಕೂರಲಿಕ್ಕಿಲ್ಲ.

ಹಳ್ಳ ದಾಟಿ ಏರು ಹತ್ತಿದರೆ, ಎದುರಿಗೆ ಹೆಂಗಸರ ಸಾಲು. ತಲೆಯ ಮೇಲೆ ಬುಟ್ಟಿ, ಬುಟ್ಟಿಯ ಮೇಲೆ ಪ್ಲಾಸ್ಟಿಕ್ ಹಾಳೆ. ದೊಡ್ಡಿಯವರು ಕಾದು ಸಾಕಾಗಿ ಹೊರಟೇಬಿಟ್ಟಿದ್ದರು. ಮುಂದೆ ದೊಡ್ಡವ್ವ. ನಾನು ನಿಲ್ಲಿಸಿದೆ. ಆಕೆ ಬುಟ್ಟಿ ಇಳಿಸಲಿಲ್ಲ. ಹೊತ್ತುಕೊಂಡೇ ಜೀಪಿನ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ನಡೆದು, ಗಾಲಿ ನೋಡಿದಳು, ಜಾಡು ನೋಡಿದಳು, ನಾವು ಬಂದ ದಾರಿಯನ್ನು ಹಳ್ಳದ ತನಕ ನೋಡಿದಳು.

"ಯಾರು ಎಳದು ತಂದ್ರು?"

"ಯಾರೂ ಇಲ್ಲ ದೊಡ್ಡವ್ವಾ" ಅಂದಳು ನಮ್ಮಾಕಿ.

"ಟ್ರ್ಯಾಕ್ಟರ್ ಎಲ್ಲಿ ಬಿಟ್ರಿ?"

"ಇಲ್ಲ ಅಂದ್ನಲ್ಲ."

ದೊಡ್ಡವ್ವ ಆಗ ಬುಟ್ಟಿ ಇಳಿಸಿ ನಮ್ಮಾಕಿಯ ಕೈಗೆ ಕೊಟ್ಟಳು. "ದೊಡ್ಡಿ ತನಕ ಯಾಕ ಹೋಗ್ತಿ? ಇಲ್ಲೇ ಚಾಲೂ ಮಾಡು. ಬೆಲ್ಲ ಕುಟ್ಟಿ ಇಟ್ಟು ಬಂದೀನಿ."

ಉಳಿದವರು ಯಾರದು ಮೊದಲು ಅಂತ ಜಗಳ ತೆಗೆದರು. ದಾರಿಯ ನಡುವೆಯೇ ಇಂಜಿನ್ನು ಚಾಲೂ ಮಾಡಿದೆ, ತಾಡಪತ್ರಿ ಎಳೆದು ಗಿರಣಿಯ ಮೇಲೆ ಚಪ್ಪರದಂತೆ ಕಟ್ಟಿದೆ. ನಮ್ಮಾಕಿ ಹುರಿದ ಕಡಲೆ ಸುರಿದಳು. ಮಳೆಯ ತಂಪಿನಲ್ಲಿ ಬಿಸಿ ಹಿಟ್ಟಿನ ವಾಸನೆ ಹೊಲ ತುಂಬಿತು. ಹೆಂಗಸರು ಹಿಟ್ಟಿಗೆ ಕೈ ಒಡ್ಡಿ, ಬೆರಳಲ್ಲಿ ತಿಕ್ಕಿ ನೋಡಿ, ಸಣ್ಣಗೆ ಬಂದಿದೆ ಅಂತ ತಲೆಯಾಡಿಸಿದರು. ನಾನು ಸುಮ್ಮನೆ ಗಾಲಿಯ ಪಕ್ಕ ನಿಂತಿದ್ದೆ. ಯಾರಾದರೂ ಅಚ್ಚಿನ ಬಗ್ಗೆ ಕೇಳಲಿ ಅಂತ ಆಸೆ. ಯಾರೂ ಕೇಳಲಿಲ್ಲ. ಬಂದ ಮೇಲೆ ಹೇಗೆ ಬಂದಿರಿ ಅಂತ ಯಾರು ಕೇಳುತ್ತಾರೆ?

ದೊಡ್ಡವ್ವ ಹಿಟ್ಟು ಕಟ್ಟಿಕೊಂಡು ಬದುವಿನ ಮೇಲೆ ಕೂತು ಫೋನು ತೆಗೆದಳು. ಮುಂದಿನ ದೊಡ್ಡಿಯಲ್ಲಿ ಅವಳ ಬೀಗತಿ ಇದ್ದಾಳೆ. ದೊಡ್ಡವ್ವನ ಫೋನು ಅಂದರೆ ಅರ್ಧ ಊರಿಗೆ ಕೇಳಿಸುವ ಹಾಗೆ.

"ಏ, ಹೊಂಟೀಯೇನು? ಬುಟ್ಟಿ ಇಳಸು. ಗಿರಣಿ ನಿಮ್ಮ ಕಡೀಗೂ ಬರ್ತದ... ಹೂಂ, ಇದೇ ಮಳಿಯಾಗ. ನನ್ನ ಮಗಳದೇ ಗಿರಣಿ, ಮತ್ತ ಯಾರದು?" ಆ ಕಡೆಯವಳು ಏನೋ ಕೇಳಿದಳು. ದೊಡ್ಡವ್ವ ಜೀಪಿನ ಕಡೆ ಒಮ್ಮೆ ನೋಡಿದಳು.

"ಇಲ್ಲ ಬಿಡು, ಯಾರೂ ದೂಕಿಲ್ಲ. ತಾನೇ ನಡಕೋತ ಬಂತು."